ಪಂಡಿತನ ಶಾಲು

ಆಷಾಢ ಬಹುಳ ಪಂಚಮಿ. ಮಳೆಯಿರಲಿಲ್ಲ, ಬೆಳಿಗ್ಗೆಯಿಂದ ಬರೀ ಗಾಳಿ.

“ಬುದ್ಧಿ, ನಿಜವಾದ ಬಡವನನ್ನು ಗುರುತು ಹಿಡಿಯುವುದು ಹೇಗೆ?”

ಆ ವಾರ ಪರ್ವತಯ್ಯ ಗುರುಗಳಿಗೆ ಈ ಪ್ರಶ್ನೆ ಕೇಳಿದ್ದು ಇದು ಮೂರನೆಯ ಸಲ. ಮಠದ ದಾಸೋಹ ಅವನ ಉಸ್ತುವಾರಿಯಲ್ಲಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟವನೊಬ್ಬ ಹಿಂದಿನ ದಿನ ಬಂದು, ಪಂಕ್ತಿಯಲ್ಲಿ ಕೂತು, ಎರಡು ಮುದ್ದೆ ಉಂಡು ಹೋಗಿದ್ದ. ಉಂಡವನಿಗೆ ಅದು ಅರಗಿತ್ತು, ಪರ್ವತಯ್ಯನಿಗೆ ಅರಗಿರಲಿಲ್ಲ. ಇನ್ನು ಮುಂದೆ ಉಣ್ಣಲು ಬರುವವರು ಮೊದಲು ಹಿತ್ತಲಿನಿಂದ ಒಂದು ಹೊರೆ ಸೌದೆ ಹೊತ್ತು ತರಬೇಕೆಂದು ಅವನು ನಿಯಮ ಮಾಡಿದ್ದ. ಗುರುಗಳ ಒಪ್ಪಿಗೆಯೊಂದು ಬಾಕಿ. ನಾಳೆಯಿಂದಲೇ ಜಾರಿ ಎಂದು ಅಡುಗೆಯವನಿಗೆ ಹೇಳಿಯೂ ಆಗಿತ್ತು.

“ಇಸ್ತ್ರಿ ಅಂಗಿಯವನಿಗೆ ಹಸಿವಾಗಬಾರದೇನಯ್ಯ?” ಎಂದರು ಗುರುಗಳು.

“ಹಸಿದಿದ್ದರೆ ಸೌದೆ ಹೊರಲಿ, ಬುದ್ಧಿ. ಹೊರದಿದ್ದರೆ ಹಸಿದಿಲ್ಲ ಅಂತ ಗೊತ್ತಾಗುತ್ತದಲ್ಲ.”

ಗುರುಗಳು ಹಣೆ ಉಜ್ಜಿಕೊಂಡರು. “ಕೂತುಕೋ. ನಿನ್ನಂಥವನೇ ಒಬ್ಬನಿದ್ದ,” ಎಂದು ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಒಬ್ಬ ನೇಕಾರನಿದ್ದ. ರೇಷ್ಮೆ ನೇಯುತ್ತಿದ್ದ. ಅವನ ಬೀದಿಯವರೆಲ್ಲರ ಕಸುಬೂ ಅದೇ. ನೂಲು ಮಾತ್ರ ಕಣಿವೆಯಾಚೆಯ ರಾಜ್ಯದಿಂದ ಬರಬೇಕು. ಅಲ್ಲಿ ಯುದ್ಧ ಹತ್ತಿತು. ಕಣಿವೆಯ ದಾರಿ ಮುಚ್ಚಿತು. ಮಗ್ಗಗಳು ನಿಂತವು. ಬೀದಿ ಉಪವಾಸ ಬಿತ್ತು. ಇದರಲ್ಲಿ ತಿಳಿಯದೆ ಹೋಗುವಂಥದ್ದು ಏನೂ ಇರಲಿಲ್ಲ.

ರಾಜನ ತಂದೆಯ ಕಾಲವಾಗಿದ್ದರೆ ಕಣಜದ ಬಾಗಿಲು ತೆಗೆಸುತ್ತಿದ್ದರು. ಆದರೆ ಈ ರಾಜನ ಬಳಿ ಬಡತನದ ಬಗ್ಗೆ ದೊಡ್ಡ ಗ್ರಂಥ ಬರೆದ ಪಂಡಿತನೊಬ್ಬನಿದ್ದ. ಅವನು ಹೇಳಿದ: “ಪ್ರಭು, ಬಡತನ ಒಂದು ಅಭ್ಯಾಸ. ಸುಮ್ಮನೆ ಅನ್ನ ಸಿಕ್ಕಿದರೆ ಅಭ್ಯಾಸ ಬಲಿಯುತ್ತದೆ. ಬೆಟ್ಟದ ಈಚೆಯ ಕಲ್ಲನ್ನು ಆಚೆಗೆ ಹೊರಲಿ. ಹೊತ್ತವನಿಗೆ ದಿನಕ್ಕೊಂದು ಸೇರು ರಾಗಿ. ನಿಜವಾಗಿ ಗತಿಯಿಲ್ಲದವನು ಹೊರುತ್ತಾನೆ. ಉಳಿದವರು ತಾವಾಗಿಯೇ ಜಾರಿಕೊಳ್ಳುತ್ತಾರೆ.”

ಪರ್ವತಯ್ಯ ತಲೆಯಾಡಿಸಿದ. ಪಂಡಿತ ಅವನಿಗೆ ಹಿಡಿಸಿದ್ದ. “ಆ ಕಲ್ಲಿನಲ್ಲಿ ಏನು ಕಟ್ಟಿದರು, ಬುದ್ಧಿ?”

“ಏನೂ ಕಟ್ಟಲಿಲ್ಲ. ಈಚೆಯ ಕಲ್ಲು ಮುಗಿದ ಮೇಲೆ ಆಚೆಯದನ್ನು ಈಚೆಗೆ ಹೊರಿಸಿದರು.”

ನೇಕಾರ ಮೊದಲ ದಿನ ಪಂಡಿತನ ಮುಂದೆ ಕೈಮುಗಿದು ನಿಂತ. “ಸ್ವಾಮಿ, ಕಲ್ಲು ಹೊತ್ತರೆ ಅಂಗೈ ಒಡೆಯುತ್ತೆ. ಒಡೆದ ಅಂಗೈಗೆ ರೇಷ್ಮೆ ಎಳೆ ಸಿಕ್ಕಿಹಾಕಿಕೊಳ್ಳುತ್ತೆ. ಕಣಜ ಗುಡಿಸ್ತೀನಿ, ರಾಗಿ ಹಸನು ಮಾಡ್ತೀನಿ. ಕಲ್ಲು ಮಾತ್ರ ಬೇಡ.”

“ಕೆಲಸ ಆರಿಸಿಕೊಳ್ಳುವವನಿಗೆ ಹಸಿವು ಇನ್ನೂ ಬಂದಿಲ್ಲ,” ಎಂದ ಪಂಡಿತ.

ನೇಕಾರ ಬರಿಗೈಯಲ್ಲಿ ಮನೆಗೆ ಹೋದ. ಹೆಂಡತಿ ನಡೆದದ್ದನ್ನೆಲ್ಲ ಕೇಳಿದಳು. “ಒಳ್ಳೇದಾಯ್ತು. ಆ ಅಂಗೈನ ಪಟ್ಟೆಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡು. ರಾತ್ರಿ ಮಕ್ಕಳಿಗೆ ಅದನ್ನೇ ಬೇಯಿಸಿ ಹಾಕ್ತೀನಿ,” ಎಂದಳು. ಮಾರನೆಯ ದಿನ ಅವನು ಕಲ್ಲು ಹೊತ್ತ.

ಬೀದಿಯವರೂ ಹೊತ್ತರು. ಹೊರಲಾರದ ಮುದುಕರು ಬೆಟ್ಟದ ಕಡೆ ಬರುವುದನ್ನೇ ಬಿಟ್ಟರು. ಕೆಲವರು ಗಂಟುಮೂಟೆ ಕಟ್ಟಿ ದೇಶಾಂತರ ಹೋದರು. ಕೆಲವರು ಎಲ್ಲಿಗೂ ಹೋಗಲಿಲ್ಲ, ಮನೆಯಲ್ಲೇ ಸತ್ತರು. ಬರುವವರು ಕಡಿಮೆಯಾದರು ಎಂದರೆ ಬಡವರು ಕಡಿಮೆಯಾದರು ಎಂದು ಪಂಡಿತ ರಾಜನಿಗೆ ತಿಳಿಸಿದ. ಕಣಜದಲ್ಲಿ ರಾಗಿ ಉಳಿಯಿತು. ರಾಜನಿಗೆ ಸಂತೋಷವಾಯಿತು.

ಎರಡು ವರ್ಷಕ್ಕೆ ಯುದ್ಧ ನಿಂತಿತು. ದಾರಿ ತೆರೆಯಿತು. ನೂಲು ಬಂತು. ನೇಕಾರ ಕೈ ತೊಳೆದುಕೊಂಡು, ಎಣ್ಣೆ ಹಚ್ಚಿ, ಒರೆಸಿ, ಮಗ್ಗಕ್ಕೆ ಕೂತ. ಎಳೆ ಅಂಗೈಯ ಬಿರುಕಿಗೆ ಸಿಕ್ಕಿತು, ಜುಂಗೆದ್ದಿತು, ಹರಿಯಿತು. ಗಂಟು ಹಾಕಿದ. ಮತ್ತೆ ಹರಿಯಿತು. ಸಂಜೆಯ ಹೊತ್ತಿಗೆ ಒಂದು ಗೇಣು ಬಟ್ಟೆಯಾಗಿತ್ತು. ಅದರ ತುಂಬ ಗಂಟು. ಹೆಂಡತಿ ಬಂದು ನೋಡಿದಳು. ಅಂದು ಅವಳು ಚುಚ್ಚಿ ಮಾತಾಡಲಿಲ್ಲ. ನೂಲು ಕೊಟ್ಟಿದ್ದ ವರ್ತಕ ಉಳಿದ ನೂಲನ್ನು ವಾಪಸು ತೆಗೆದುಕೊಂಡು ಹೋದ. ಬೆಳಗಾದ ಮೇಲೆ ನೇಕಾರ ಎದ್ದು ಬೆಟ್ಟದ ಕಡೆ ನಡೆದ. ಬೀದಿಯವರಾಗಲೇ ಅಲ್ಲಿದ್ದರು.

ಪಂಡಿತ ರಾಜನನ್ನು ಕರೆತಂದು ತೋರಿಸಿದ. “ನೋಡಿ ಪ್ರಭು. ನೂಲು ಬಂದರೂ ಕಲ್ಲಿಗೇ ಬರುತ್ತಾರೆ. ಅಭ್ಯಾಸ ಎಂದು ನಾನು ಹೇಳಿರಲಿಲ್ಲವೇ?”

ಆಮೇಲೆ ಅವನು ಗ್ರಂಥಕ್ಕೆ ಇನ್ನೊಂದು ಅಧ್ಯಾಯ ಸೇರಿಸಿದ. ಕಸುಬು ಬಾರದಿರುವುದೂ ಬಡತನಕ್ಕೆ ಕಾರಣ ಎಂದು ಅದರಲ್ಲಿತ್ತು. ಪರದೇಶದಿಂದ ಒಬ್ಬ ಉಪಾಧ್ಯಾಯ ಬಂದ. ಲಾಳಿ ಹಿಡಿಯುವುದು ಹೇಗೆಂದು ಬೀದಿಯವರಿಗೆ ಪಾಠವಾಯಿತು. ನೇಕಾರ ಮುಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಂಡ. ಪಾಠ ಕೇಳಿದವರಿಗೆ ಅರ್ಧ ಸೇರು ರಾಗಿ ಇತ್ತು.

ಪರ್ವತಯ್ಯ ನಕ್ಕ. ಗುರುಗಳು ನಗಲಿಲ್ಲ. ಅವನು ನಗು ನಿಲ್ಲಿಸಿದ.

ಇಷ್ಟು ರಾಗಿ ಉಳಿಸಿಕೊಟ್ಟವನನ್ನು ತುಂಬಿದ ಸಭೆಯಲ್ಲಿ ಗೌರವಿಸಬೇಕೆಂದು ರಾಜನಿಗೆ ಅನಿಸಿತು. ಗೌರವಕ್ಕೆ ರೇಷ್ಮೆ ಶಾಲು ಹೊದಿಸುವುದು ಆ ಅರಮನೆಯ ಸಂಪ್ರದಾಯ. ಶಾಲು ತರಲು ಆಳುಗಳು ನೇಕಾರರ ಬೀದಿಗೆ ಹೋದರು. ಇಡೀ ಬೀದಿ ತಿರುಗಿ ಬರಿಗೈಯಲ್ಲಿ ಬಂದರು. ದಿನ ಗೊತ್ತಾಗಿತ್ತು, ಸಾಮಂತರಿಗೆ ಕರೆ ಹೋಗಿತ್ತು. ಕೊನೆಗೆ ಕಣಿವೆಯಾಚೆಯ ವರ್ತಕನೊಬ್ಬನನ್ನು ಕರೆಸಿದರು. ಅವನ ಹತ್ತಿರ ಒಂದು ಶಾಲಿತ್ತು.

“ನಿಮ್ಮಲ್ಲಿ ಈಗ ನೇಯುವವರೇ ಇಲ್ಲವಂತೆ,” ಎಂದ ವರ್ತಕ, ಶಾಲನ್ನು ಮಡಿಸಿ ಮತ್ತೆ ಗಂಟಿನಲ್ಲಿಡುತ್ತ. “ನಮ್ಮದು ಯುದ್ಧ ಕಂಡ ನಾಡು. ಚಿನ್ನ ತಿನ್ನಲಾಗುವುದಿಲ್ಲ. ಧಾನ್ಯ ಕೊಡುವುದಾದರೆ ಮಾತಾಡೋಣ.”

ರಾಜ ಒಪ್ಪಿದ. ಶಾಲು ಪಂಡಿತನ ಹೆಗಲೇರಿತು. ಬೆಟ್ಟದ ಬುಡದಲ್ಲಿ ನೇಕಾರ ಕಲ್ಲು ಇಳಿಸಿ ನಿಂತು, ಕಣಿವೆಯ ದಾರಿಯಲ್ಲಿ ಹೋಗುತ್ತಿದ್ದ ಧಾನ್ಯದ ಬಂಡಿಗಳನ್ನು ನೋಡಿದ.

ಗುರುಗಳು ಅಲ್ಲಿಗೆ ಕಥೆ ನಿಲ್ಲಿಸಿದರು. ಹಿತ್ತಲಿನಲ್ಲಿ ಗಾಳಿಗೆ ಊಟದೆಲೆಗಳು ಹಾರುತ್ತಿದ್ದವು. ಪರ್ವತಯ್ಯ ಲೆಕ್ಕದ ಮನುಷ್ಯ, ಕೇಳದೆ ಇರಲಾಗಲಿಲ್ಲ.

“ಆ ಶಾಲಿಗೆ ಎಷ್ಟು ಕೊಟ್ಟರು, ಬುದ್ಧಿ?”

“ಪಂಡಿತ ಉಳಿಸಿಕೊಟ್ಟಿದ್ದ ರಾಗಿ, ಅಷ್ಟನ್ನೂ.”