ತೋರಿಸಿದವನು, ತೋಡಿದವನು

“ಗುರುಗಳೇ, ವಿಜ್ಞಾನ ಓದಲೋ, ಎಂಜಿನಿಯರಿಂಗ್ ಓದಲೋ, ಇಲ್ಲ ಎರಡನ್ನೂ ಒಟ್ಟಿಗೆ ಓದಲೋ?”

ಶಿವಲೀಲಾ ಹೀಗೆ ಕೇಳಿದಾಗ ಗುರುಗಳು ಮಠದ ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು. ಸನ್ಯಾಸ ತೆಗೆದುಕೊಳ್ಳುವ ಮೊದಲು ಅವರು ಕಾಲೇಜಿನಲ್ಲಿ ಗಣಿತ ಕಲಿಸಿದವರು. ಶಿವಲೀಲಾ ಎರಡು ವರ್ಷ ಅವರ ಹತ್ತಿರ ಗಣಿತ ಹೇಳಿಸಿಕೊಂಡವಳು. ಈಗ ಅವಳಿಗೆ ಒಂದು ಸೀಟು ಸಿಕ್ಕಿತ್ತು. ಐದು ವರ್ಷದ ಓದು, ಕೊನೆಗೆ ಎರಡು ಪದವಿ. ಒಂದು ಭೌತವಿಜ್ಞಾನದ್ದು, ಇನ್ನೊಂದು ಎಂಜಿನಿಯರಿಂಗಿನದು. ಒಪ್ಪಿಗೆ ತಿಳಿಸಲು ನಾಳೆ ಸಂಜೆಯೇ ಕಡೆಯ ಗಡುವು. ತಪ್ಪಿದರೆ ಸೀಟು ಬೇರೆಯವರ ಪಾಲು.

“ನಿನಗೆ ಏನನ್ನಿಸುತ್ತದೆ?” ಎಂದು ಗುರುಗಳು ಕೇಳಿದರು.

“ಅಪ್ಪ ಎಂಜಿನಿಯರಿಂಗ್ ಒಂದೇ ಸಾಕು ಅನ್ನುತ್ತಾರೆ. ಫಿಸಿಕ್ಸ್ ಮೇಡಂ ವಿಜ್ಞಾನ ಬಿಡಬೇಡ ಅನ್ನುತ್ತಾರೆ. ಕಾಕಾ ಎರಡು ದೋಣಿಯಲ್ಲಿ ಕಾಲಿಡಬೇಡ ಅನ್ನುತ್ತಾರೆ. ಎರಡೂ ಇದ್ದರೆ ಒಂದು ಕೈಕೊಟ್ಟಾಗ ಇನ್ನೊಂದು ಕೈಹಿಡಿಯುತ್ತದೆ ಅಂತ ನನಗೆ. ಆದರೆ ಧೈರ್ಯ ಬರುತ್ತಿಲ್ಲ. ನೀವು ಹೇಳಿದ ಹಾಗೆ ಮಾಡುತ್ತೇನೆ.”

“ನಿನಗೆ ಏನನ್ನಿಸುತ್ತದೆ ಎಂದು ಕೇಳಿದರೆ ಮೊದಲು ಉಳಿದವರೆಲ್ಲರದ್ದನ್ನೂ ಒಪ್ಪಿಸಿದೆ,” ಎಂದರು ಗುರುಗಳು. “ಇರಲಿ. ಒಂದು ಕತೆ ಹೇಳುತ್ತೇನೆ, ಕೇಳು.”

ಒಂದು ಊರು. ಆ ಊರಿನಲ್ಲಿ ಕುಡಿಯುವ ನೀರಿರಲಿಲ್ಲ. ಹೆಂಗಸರು ಗುಡ್ಡ ದಾಟಿ ಆಚೆಯ ಹಳ್ಳದಿಂದ ಕೊಡ ಹೊತ್ತು ತರುತ್ತಿದ್ದರು. ಬಾವಿ ತೋಡಿಸಲಿಲ್ಲವೇ ಎಂದರೆ, ತೋಡಿಸಿದ್ದರು. ಒಂದಲ್ಲ, ಏಳು. ಏಳೂ ಬರಡು.

ಆ ಸೀಮೆಯಲ್ಲಿ ಬಾವಿಯ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ನೀರು ತೋರಿಸುವವನು. ಅವನು ಮಣ್ಣಿನ ಬಣ್ಣ ನೋಡುತ್ತಾನೆ, ಬಂಡೆ ಯಾವ ಕಡೆಗೆ ಇಳಿದಿದೆ ಎಂದು ನೋಡುತ್ತಾನೆ, ಹುತ್ತ ಎಲ್ಲಿ, ಅತ್ತಿಮರ ಎಲ್ಲಿ ಎಂದು ನೋಡಿ, ‘ಇಲ್ಲಿ’ ಎಂದು ಗೂಟ ಹೊಡೆದು ಹೋಗುತ್ತಾನೆ. ಗುದ್ದಲಿ ಮುಟ್ಟುವುದಿಲ್ಲ. ಇನ್ನೊಬ್ಬ ತೋಡುವವನು. ಗೂಟ ಕಂಡಲ್ಲಿ ತೋಡುತ್ತಾನೆ, ಮಣ್ಣು ಕುಸಿಯದಂತೆ ಸುತ್ತ ಕಲ್ಲು ಕಟ್ಟುತ್ತಾನೆ. ಗೂಟ ಅಲ್ಲೇ ಏಕೆ ಎಂದು ಕೇಳುವುದಿಲ್ಲ.

ನೀರು ಬಂದರೆ ಇಬ್ಬರಿಗೂ ಒಂದೊಂದು ಶಾಲು. ಬಾರದಿದ್ದರೆ ಪಂಚಾಯಿತಿ. ಹಿರಿಯರು ಮೊದಲು ತೋರಿಸಿದವನನ್ನು ಕೇಳುತ್ತಾರೆ. ‘ನಾನು ತೋರಿಸಿದ್ದು ಸರಿ. ಇವನು ಇನ್ನೊಂದಾಳು ಆಳ ಹೋಗಿದ್ದರೆ ನೀರಿತ್ತು’ ಎನ್ನುತ್ತಾನೆ. ಆಮೇಲೆ ತೋಡಿದವನನ್ನು ಕೇಳುತ್ತಾರೆ. ‘ನಾನು ತೋಡಿದ್ದು ಸರಿ. ಇವನ ಗೂಟವೇ ತಪ್ಪು’ ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ ಎಂದು ಹಿರಿಯರು ತಲೆದೂಗುತ್ತಾರೆ. ಗಂಗಮ್ಮ ಒಲಿಯಲಿಲ್ಲ ಎಂದು ಗುಂಡಿಯ ಸುತ್ತ ಮುಳ್ಳುಬೇಲಿ ಹಾಕಿಸಿ ಏಳುತ್ತಾರೆ. ಯಾರಿಗೂ ಬೇಸರವಿಲ್ಲ. ಹಳ್ಳಕ್ಕೆ ಹೋಗುವ ಹೆಂಗಸರನ್ನು ಪಂಚಾಯಿತಿಗೆ ಕರೆಯುವ ಪದ್ಧತಿ ಇರಲಿಲ್ಲ.

ಹೀಗಿರುವಾಗ ಆ ಸೀಮೆಯಲ್ಲಿ ಒಬ್ಬ ತರುಣ ಎರಡೂ ವಿದ್ಯೆ ಕಲಿಯಲು ಹೊರಟ. ತೋರಿಸುವವನೊಬ್ಬನ ಹತ್ತಿರ ಐದು ವರ್ಷ ಇದ್ದ. ತೋಡುವವನೊಬ್ಬನ ಹತ್ತಿರ ಇನ್ನೈದು ವರ್ಷ ದುಡಿದ. ‘ಕೈ ಕೆಸರು ಮಾಡಿಕೊಂಡವನಿಗೆ ನೆಲ ಓದಲು ಬಾರದು’ ಎಂದು ಮೊದಲನೆಯವನು ನಕ್ಕ. ‘ಹುತ್ತ ನೋಡುತ್ತ ನಿಂತವನು ತೋಡುವುದು ಯಾವಾಗ?’ ಎಂದು ಎರಡನೆಯವನು ನಕ್ಕ. ತರುಣ ತಲೆಕೆಡಿಸಿಕೊಳ್ಳಲಿಲ್ಲ. ತೋರಿಸಲು ಯಾರೂ ಕರೆಯದಿದ್ದರೆ ತೋಡಲು ಕರೆಯುತ್ತಾರೆ ಎಂಬುದು ಅವನ ಎಣಿಕೆ. ಎಣಿಕೆ ತಪ್ಪೇನಲ್ಲ. ಹಸಿದು ಕೂರುವ ದಿನ ಅವನಿಗೆ ಬರಲೇ ಇಲ್ಲ. ಬೇರೆ ಬೇರೆ ಊರುಗಳಲ್ಲಿ ಮೂರು ಬಾವಿ ತೋಡಿದ, ಮೂರರಲ್ಲೂ ನೀರು ಬಂತು. ಎರಡೂ ಶಾಲನ್ನು ತಾನೇ ಹೊದ್ದು ಮೀಸೆ ತಿರುವಿದ.

ಏಳು ಗುಂಡಿಯ ಊರಿನವರು ಅವನನ್ನು ಕರೆಸಿದರು. ಅವನೇ ನೆಲ ನೋಡಿದ, ಅವನೇ ಗೂಟ ಹೊಡೆದ, ಕೂಲಿಯವರನ್ನು ಕಟ್ಟಿಕೊಂಡು ಅವನೇ ತೋಡಿದ. ಹತ್ತಾಳು ಆಳ ಹೋದರೂ ಒಣ ಬಂಡೆ.

ಪದ್ಧತಿಯಂತೆ ಪಂಚಾಯಿತಿ ಸೇರಿತು. ‘ತೋರಿಸಿದವನು ಏನು ಹೇಳುತ್ತಾನೆ?’ ಎಂದರು ಹಿರಿಯರು. ತರುಣ ಎದ್ದು ನಿಂತ. ತೋರಿಸಿದ್ದು ಸರಿ, ತೋಡಿದ್ದೇ ತಪ್ಪು ಎನ್ನಲು ಬಾಯಿ ತೆರೆದ. ತೋಡಿದವನೂ ತಾನೇ. ಕೂತುಬಿಟ್ಟ. ‘ತೋಡಿದವನು ಏನು ಹೇಳುತ್ತಾನೆ?’ ಎಂದರು ಹಿರಿಯರು. ತರುಣ ಮತ್ತೆ ಎದ್ದ. ‘ಇವನು ಆಗಲೇ ಎದ್ದಿದ್ದನಲ್ಲ, ಇನ್ನೊಬ್ಬ ಏಳಲಿ’ ಎಂದು ಯಾರೋ ಕೂಗಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತರುಣನಿಗೆ ನಾಚಿಕೆಯಿಂದ ಅಳು ಬರುವಂತಾಯಿತು. ಹತ್ತು ವರ್ಷ ಕಲಿತದ್ದಕ್ಕೆ ಮೊದಲ ಸಲ ಪಶ್ಚಾತ್ತಾಪಪಟ್ಟ. ಯಾವುದಾದರೂ ಒಂದೇ ವಿದ್ಯೆ ಕಲಿತಿದ್ದರೆ ಇಷ್ಟು ಹೊತ್ತಿಗೆ ಮನೆಯಲ್ಲಿ ಉಣ್ಣುತ್ತ ಕೂತಿರುತ್ತಿದ್ದೆ ಎಂದುಕೊಂಡ.

ಕಡೆಗೆ, ‘ತಪ್ಪು ನನ್ನದು’ ಎಂದ.

ನಗು ನಿಂತಿತು. ಹಿರಿಯರು ಮುಖ ಮುಖ ನೋಡಿಕೊಂಡರು. ಆ ಮಾತು ಬಂದರೆ ಮುಂದೇನು ಮಾಡಬೇಕು ಎಂಬುದಕ್ಕೆ ಪದ್ಧತಿ ಇರಲಿಲ್ಲ. ಆಗ ಕೊಡ ಹೊತ್ತು ಆ ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, ‘ಎಲ್ಲಿ ಎಡವಿದೀ ತಮ್ಮಾ?’ ಎಂದು ಕೇಳಿದಳು. ಅವಳು ಬೈದದ್ದಲ್ಲ, ಕೇಳಿದ್ದು. ಏಳು ಬಾವಿಗಳಲ್ಲಿ ಒಂದಕ್ಕೂ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ತಪ್ಪು ಯಾರದೆಂದೇ ಗೊತ್ತಾಗದ ಮೇಲೆ, ಎಲ್ಲಿ ಎಂದು ಕೇಳುವುದಾದರೂ ಯಾರನ್ನು?

‘ಗೊತ್ತಿಲ್ಲವ್ವಾ’ ಎಂದ ತರುಣ.

ಗೊತ್ತಾಗಬೇಕಾದರೆ ಬಾವಿಗೆ ಇಳಿಯುವುದೊಂದೇ ದಾರಿ. ಇಳಿದ. ಮೂರು ದಿನ ಗೋಡೆಯನ್ನು ಅಂಗೈಯಿಂದ ಸವರುತ್ತ ನೋಡಿದ. ಆರಾಳು ಆಳದಲ್ಲಿ, ಪಡುವಣ ಗೋಡೆಯಲ್ಲಿ, ನೂಲಿನಷ್ಟು ತೆಳ್ಳಗೆ ಒಂದು ತೇವದ ಗೆರೆ ಇತ್ತು. ತೋಡುವ ಭರದಲ್ಲಿ ಅದನ್ನು ಕಾಣದೆ ಕೆಳಗೆ ಹೋದವನು ಅವನೇ. ಬಂಡೆ ಮೂಡಣಕ್ಕೆ ಇಳಿದಿದೆ ಎಂದು ಮೇಲೆ ನಿಂತು ಎಣಿಸಿದವನೂ ಅವನೇ. ಒಳಗೆ ಅದು ಪಡುವಣಕ್ಕೆ ಇಳಿದಿತ್ತು. ಎರಡು ತಪ್ಪು, ಎರಡೂ ಒಬ್ಬನದೇ.

ಅನುಮಾನ ಪರಿಹಾರಕ್ಕೆಂದು ಅವನು ಬೇಲಿ ಸರಿಸಿ ಹಳೆಯ ಏಳು ಗುಂಡಿಗಳಿಗೂ ಇಳಿದ. ಐದರಲ್ಲಿ ಗೂಟವೇ ತಪ್ಪಿತ್ತು. ಎರಡರಲ್ಲಿ ಗೂಟ ಸರಿಯಿತ್ತು, ತೋಡಿದವನು ಅವಸರದಲ್ಲಿ ಬಿಟ್ಟು ಹೋಗಿದ್ದ. ಈಗ ಹೇಳಿ ಏನು ಪ್ರಯೋಜನ? ಅವನ್ನು ತೋರಿಸಿದವನೂ ತೋಡಿದವನೂ ಮಾನ ಮರ್ಯಾದೆಯಿಂದ ಬಾಳಿ ತೀರಿಕೊಂಡಿದ್ದರು.

ತರುಣ ಪಡುವಣಕ್ಕೆ ಮೂವತ್ತು ಹೆಜ್ಜೆ ಅಳೆದು ಹೊಸ ಗೂಟ ಹೊಡೆದ. ಈ ಸಲ ಒಂದೊಂದಾಳು ಇಳಿದಾಗಲೂ ಗುದ್ದಲಿ ಕೆಳಗಿಟ್ಟು ಗೋಡೆ ನೋಡಿದ. ನೀರು ಬಂತು. ಬಾರದಿದ್ದರೂ ಕತೆ ಇದೇ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಅಂದರೆ ಎರಡನ್ನೂ ಕಲಿಯುವುದೇ ಮೇಲು ಅಂತಾಯಿತಲ್ಲವೇ?” ಎಂದಳು ಶಿವಲೀಲಾ.

“ಪಂಚಾಯಿತಿಯಲ್ಲಿ ನಿಂತಾಗ ಅವನಿಗೆ ಹಾಗೆ ಅನ್ನಿಸಲಿಲ್ಲ.”

“ಹಾಗಾದರೆ ಸೇರುವುದು ಬೇಡವೇ? ನೀವೇ ಒಂದು ಮಾತು ಹೇಳಿಬಿಡಿ ಗುರುಗಳೇ. ಹೂಂ ಅಂದರೆ ಹೂಂ, ಬೇಡ ಅಂದರೆ ಬೇಡ.”

“ಹೇಳಿಬಿಟ್ಟರೆ, ನಿನ್ನ ಬಾವಿ ಬರಡಾದ ದಿನ ಬೊಟ್ಟು ಮಾಡಿ ತೋರಿಸಲು ನಿನಗೆ ನಾನು ಸಿಕ್ಕಿಬಿಡುತ್ತೇನಲ್ಲ, ತಾಯಿ.”