ನಿದ್ದೆಯಲ್ಲಿ ಓಡಿದ ಅರಸ

ಆನೆಬೆನ್ನು ಎಂಬ ಸೀಮೆಯನ್ನು ಬೊಮ್ಮರಸ ಎಂಬ ಅರಸ ಆಳುತ್ತಿದ್ದ. ಯಾವ ಕಾಲ ಎಂದು ಕೇಳಬೇಡಿ. ಅರಸರೂ ಇದ್ದರು, ದೂರ ಅಳೆಯುವ ಕೈಗಡಿಯಾರಗಳೂ ಇದ್ದವು. ಕತೆಗೆ ಅಷ್ಟು ಸಾಕು.

ಬೊಮ್ಮರಸನಿಗೆ ಒಳ್ಳೆಯ ಮನಸ್ಸಿತ್ತು, ಅದಕ್ಕಿಂತ ದೊಡ್ಡ ಹೊಟ್ಟೆಯಿತ್ತು. ಅರಮನೆಯ ವೈದ್ಯ ನಾಡಿ ಹಿಡಿದು ನೋಡಿದ.

"ಮಹಾಸ್ವಾಮಿ, ದಿನಾ ಒಂದು ಹರದಾರಿ ಓಡಬೇಕು. ಇಲ್ಲದಿದ್ದರೆ ಆಮೇಲೆ ನನ್ನನ್ನು ಕೇಳಬೇಡಿ," ಎಂದ.

ಹರದಾರಿ ಎಂದರೆ ಹೆಚ್ಚುಕಡಿಮೆ ಮೂರು ಮೈಲಿ. ಅರಸ ಮನಸ್ಸು ಮಾಡಿದ. ಅರಮನೆಯ ಸುತ್ತ ಎತ್ತರದ ಗೋಡೆಗಳ ನಡುವೆ ಒಂದು ಓಣಿ. ಮೊದಲ ಸುತ್ತು ಓಡಿದ, ಕೂತ. ಎರಡನೆಯ ಸುತ್ತು ನಡೆದ, ಕೂತ. ಮೂರನೆಯ ಸುತ್ತಿಗೆ ಪಲ್ಲಕ್ಕಿ ತರಿಸಿದ.

ಹೀಗಿರುವಾಗ ಪರದೇಶದ ವರ್ತಕನೊಬ್ಬ ಎರಡು ಕೈಗಡಿಯಾರ ತಂದ. ಅವು ಹೊತ್ತಿನ ಜೊತೆ ದೂರವನ್ನೂ ಹೇಳುತ್ತಿದ್ದವು. ಅವಕ್ಕೆ ಆಕಾಶದಲ್ಲಿ ಕೆಲವು ಗೆಳೆಯರು. ಆಗಾಗ ತಲೆಯೆತ್ತಿ "ನಾನೀಗ ಎಲ್ಲಿದ್ದೇನೆ?" ಎಂದು ಕೇಳುತ್ತಿದ್ದವು. ಗೆಳೆಯರು ಹೇಳಿದ ಜಾಗಗಳನ್ನು ಊರಿನ ನಕ್ಷೆಯ ಮೇಲೆ ಗುರುತು ಮಾಡಿ, ನಡುವೆ ಒಂದು ಕೆಂಪು ಗೆರೆ ಎಳೆದು, ಗೆರೆಯ ಉದ್ದವನ್ನು ಕೂಡಿ ತೋರಿಸುತ್ತಿದ್ದವು.

ವರ್ತಕ ಪ್ರಾಮಾಣಿಕ. ಅಳತೆಯ ಅಧಿಕಾರಿ ಶಿಖಾಮಣಿಯನ್ನು ಪಕ್ಕಕ್ಕೆ ಕರೆದು ಹೇಳಿದ: "ಸ್ವಾಮಿ, ಬಯಲಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಎತ್ತರದ ಗೋಡೆ, ಕಲ್ಲಿನ ಚಾವಣಿ ಇದ್ದಲ್ಲಿ ಆಕಾಶದ ಮಾತು ಇದಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ಸುಮ್ಮನೆ ಕೂತರೂ ಅತ್ತಿತ್ತ ಅಲೆದಂತೆ ಗೆರೆ ಎಳೆಯುತ್ತದೆ. ಬಳಸುದಾರಿಯಲ್ಲಿ ತಿರುವು ಬಿಟ್ಟು ನೇರ ಗೆರೆ ಎಳೆಯುತ್ತದೆ, ದೂರ ಕಡಿಮೆ ಬರುತ್ತದೆ. ಇದನ್ನು ನಂಬಿ ಯಾರಿಗೂ ತೀರ್ಪು ಕೊಡಬೇಡಿ."

ಶಿಖಾಮಣಿ ಎಲ್ಲವನ್ನೂ ಗಮನವಿಟ್ಟು ಕೇಳಿದ. ಅರಸನ ಮುಂದೆ ಹೋಗಿ ಮೊದಲ ಮಾತನ್ನು ಮಾತ್ರ ಹೇಳಿದ.

ಮರುದಿನ ಅರಸ ಗಡಿಯಾರ ಕಟ್ಟಿಕೊಂಡು ಓಡಿದ. ಒಂದು ಸುತ್ತು ಓಡಿ, ಉಸ್ಸಪ್ಪಾ ಎಂದು ಕಲ್ಲುಮಂಟಪದಲ್ಲಿ ಕೂತು, ಮಜ್ಜಿಗೆ ತರಿಸಿ, ಬೀಸಣಿಗೆ ತರಿಸಿ, ಬಹಳ ಹೊತ್ತು ಸುಧಾರಿಸಿಕೊಂಡ. ಆಮೇಲೆ ಗಡಿಯಾರ ನೋಡಿದರೆ ಒಂದು ಹರದಾರಿ!

"ನೋಡಿದಿರಾ!" ಎಂದ ಅರಸ.

"ಮಹಾಸ್ವಾಮಿಯವರ ಕಾಲಿನ ವೇಗ ನನಗೆ ಮೊದಲೇ ಗೊತ್ತಿತ್ತು," ಎಂದ ಸೇನಾಪತಿ.

ಆಸ್ಥಾನಕವಿ ಸಂಜೆಯೊಳಗೆ ಪದ್ಯ ಕಟ್ಟಿದ.

ವೈದ್ಯ ಗಡಿಯಾರ ನೋಡಿದ, ಅರಸನ ಹೊಟ್ಟೆ ನೋಡಿದ, ಮತ್ತೆ ಗಡಿಯಾರ ನೋಡಿದ. ಅವನಿಗೂ ಸಂಸಾರವಿತ್ತು. ಸುಮ್ಮನಾದ.

ಅಂದಿನಿಂದ ಅರಸ ಗಡಿಯಾರವನ್ನು ಕೈಯಿಂದ ಬಿಚ್ಚಲಿಲ್ಲ. ಓಟ ಮುಗಿದ ಮೇಲೂ ಅದರ ಎಣಿಕೆ ನಿಲ್ಲಿಸಲಿಲ್ಲ. ಲೆಕ್ಕ ಬೆಳೆಯುತ್ತಿದ್ದರೆ ಯಾರು ತಾನೆ ನಿಲ್ಲಿಸುತ್ತಾರೆ?

ಎರಡನೆಯ ಗಡಿಯಾರ ಶಿಖಾಮಣಿಯ ಕೈಯಲ್ಲಿತ್ತು. ಅವನಿಗೆ ಚಲುವಯ್ಯ ಎಂಬ ಭಾವಮೈದ. ಕೆಲಸವಿಲ್ಲ, ಬೇಕೆಂಬ ಆಸೆಯೂ ಇಲ್ಲ. ಆದರೆ ಶಿಖಾಮಣಿಯ ಹೆಂಡತಿ ದಿನಾ ಊಟಕ್ಕೆ ಬಡಿಸುವಾಗ ತಮ್ಮನ ವಿಷಯ ಎತ್ತುತ್ತಿದ್ದಳು. ಅರಮನೆಯಲ್ಲಿ ಖಾಲಿ ಕೆಲಸವಿರಲಿಲ್ಲ. ಹಾಗಾಗಿ ಒಂದನ್ನು ಖಾಲಿ ಮಾಡಬೇಕಿತ್ತು.

ಅಂಚೆಯ ಬೋರಮ್ಮ ಅರಮನೆಯ ಓಲೆಗಳನ್ನು ಮೇಲ್ದುರ್ಗಕ್ಕೆ ಒಯ್ಯುವವಳು. ಗೆಜ್ಜೆ ಕಟ್ಟಿದ ಕೋಲು ಹಿಡಿದು ಬೆಟ್ಟದ ದಾರಿಯಲ್ಲಿ ಓಡುವುದು, ಓಲೆ ಕೊಡುವುದು, ಮರಳುವುದು. ಹೋಗುವ ದಾರಿ ನಾಲ್ಕು ಹರದಾರಿ ಎಂದು ಅರಸನ ತಾತ ಹಗ್ಗ ಹಿಡಿಸಿ ಅಳೆಸಿ, ಹರದಾರಿಗೊಂದು ಕಲ್ಲು ನೆಡಿಸಿದ್ದ. ಹೆಬ್ಬಾಗಿಲ ಪಕ್ಕದ ಮನೆ ಕೋಲು ಹಿಡಿದವರಿಗೆ. ಕೋಲಿದ್ದರೆ ಮನೆ, ಕೋಲು ಹೋದರೆ ಬೀದಿ. ಆ ಮನೆಯಲ್ಲಿ ಬೋರಮ್ಮನ ಮೂವರು ಮಕ್ಕಳಿದ್ದರು.

ಶಿಖಾಮಣಿ ಅವಳ ಕೈಗೆ ಗಡಿಯಾರ ಕಟ್ಟಿದ. ಮೂರು ಸಲ ಪರೀಕ್ಷೆ. ಮೂರರಲ್ಲೂ ಕಡಿಮೆ ಬಂದರೆ ಕೋಲು ಕಸಿಯುವುದು ಎಂದು ಅರಸನಿಂದ ಅಪ್ಪಣೆ ಪಡೆದ.

ಮೊದಲ ದಿನ ಬೋರಮ್ಮ ಎಂದಿನಂತೆ ಓಡಿ ಬಂದಳು. ಹೋದ ದಾರಿ ಮೂರೂವರೆ ಹರದಾರಿ ಎಂದಿತು ಗಡಿಯಾರ.

"ಅರ್ಧ ಹರದಾರಿ ಎಲ್ಲಮ್ಮಾ?" ಎಂದ ಶಿಖಾಮಣಿ.

"ಓಲೆ ತಲುಪಿದೆಯಲ್ಲ ಬುದ್ಧಿ?"

"ಓಲೆ ತಲುಪಿದ್ದು ಬೇರೆ, ದೂರ ಓಡಿದ್ದು ಬೇರೆ. ಎರಡನ್ನೂ ಕಲಸಬೇಡ."

ಎರಡನೆಯ ದಿನ ಬೋರಮ್ಮ ಪ್ರತಿ ತಿರುವಿನಲ್ಲೂ ಹೊರಅಂಚು ಹಿಡಿದು, ಪ್ರಪಾತದ ಪಕ್ಕದಲ್ಲೇ ಓಡಿದಳು. ಗಡಿಯಾರ ಮೂರೂವರೆಗಿಂತ ಕಡಿಮೆ ಹೇಳಿತು.

ಮೂರನೆಯ ದಿನ ದಾರಿಯ ಒಂದೊಂದು ಕಲ್ಲನ್ನೂ ಕೈಯಲ್ಲಿ ಮುಟ್ಟಿ ಓಡಿದಳು. ಅಂದೂ ಅಷ್ಟೇ. ಅರಸನ ಮುಂದೆ ನಿಂತು ಕೈಮುಗಿದಳು.

"ಬುದ್ಧಿ, ಗಡಿಯಾರ ತಪ್ಪು. ಕಲ್ಲು ಅಲ್ಲೇ ಇದೆ, ಯಾರು ಬೇಕಾದರೂ ನೋಡಬಹುದು."

"ಕಲ್ಲು ನೆಟ್ಟವರು ಯಾರು? ಸತ್ತುಹೋದವರು," ಎಂದ ಶಿಖಾಮಣಿ. "ಇದಕ್ಕೆ ಹೇಳುವವರು ಯಾರು? ಆಕಾಶದಲ್ಲಿ ಇರುವವರು. ಮಹಾಸ್ವಾಮಿ, ಇವಳ ಕೈಯಲ್ಲಿ ಗಡಿಯಾರ ತಪ್ಪು ಹೇಳಿದ್ದರೆ, ತಮ್ಮ ಕೈಯಲ್ಲೂ..."

ಅಷ್ಟಕ್ಕೇ ನಿಲ್ಲಿಸಿದ. ಅರಸನಿಗೆ ತನ್ನ ಹರದಾರಿ ನೆನಪಾಯಿತು. ಪದ್ಯವೂ ನೆನಪಾಯಿತು.

"ಗಡಿಯಾರ ಸರಿ," ಎಂದ ಅರಸ.

ಆಮೇಲೆ ಚಲುವಯ್ಯನ ಪರೀಕ್ಷೆ. ಅವನು ಓಲೆ ತೆಗೆದುಕೊಂಡು ಹೆಬ್ಬಾಗಿಲು ದಾಟಿದ, ಅಲ್ಲೇ ಪಕ್ಕದ ಕಲ್ಲುಮಂಟಪದೊಳಗೆ ಹೋದ, ಕಂಬಕ್ಕೆ ಒರಗಿದ. ಅಕ್ಕ ಕಟ್ಟಿಕೊಟ್ಟ ಚಕ್ಕುಲಿ ತಿಂದ. ಒಂದು ನಿದ್ದೆ ತೆಗೆದ. ಎದ್ದು ಉಳಿದ ಚಕ್ಕುಲಿ ತಿಂದ. ಸಂಜೆಗೆ ಗಡಿಯಾರ ನಾಲ್ಕು ಹರದಾರಿಯ ಮೇಲೆ ತೋರಿಸಿತು.

"ಬೆವರೇ ಬಂದಿಲ್ಲವಲ್ಲ!" ಎಂದು ಅರಸ ಮೆಚ್ಚಿದ. ಮೂರು ದಿನ ಬಿಟ್ಟು ಕೋಲು ಇವನಿಗೆ ಎಂದು ಅಪ್ಪಣೆಯಾಯಿತು. ಅಲ್ಲಿಯವರೆಗೆ ಮನೆ ಖಾಲಿ ಮಾಡಲು ಬೋರಮ್ಮನಿಗೆ ಸಮಯ. ದಯೆಯೂ ಇತ್ತು, ನೋಡಿ.

ಬೋರಮ್ಮ ರಾಣಿ ಚೆನ್ನಾಜಮ್ಮಣ್ಣಿಗೆ ಹೇಳಿ ಹೋಗಲು ಬಂದಳು. ರಾಣಿಯ ತವರು ಮೇಲ್ದುರ್ಗ. ಅವಳ ತಾಯಿಯ ಸುದ್ದಿ ಬರುತ್ತಿದ್ದುದೇ ಬೋರಮ್ಮನ ಚೀಲದಲ್ಲಿ.

"ಅಮ್ಮನಿಗೆ ನಾನು ಬರೆದ ಓಲೆ ಏನಾಯಿತೇ?" ಎಂದು ಕೇಳಿದಳು ರಾಣಿ.

"ಚಲುವಯ್ಯನ ಮಡಿಲಲ್ಲಿದೆ ಅಮ್ಮಣ್ಣಿ. ಅದರ ಮೇಲೆ ಚಕ್ಕುಲಿ ಇಟ್ಕೊಂಡು ತಿಂತಿದ್ದ. ನನ್ನ ದೊಡ್ಡ ಮಗಳು ನೋಡಿದಾಳೆ."

ರಾಣಿ ಅವಳನ್ನು ಹತ್ತಿರ ಕೂರಿಸಿಕೊಂಡಳು.

"ಅರಸರ ಮುಂದೆ ಗಡಿಯಾರ ತಪ್ಪು ಅಂದೆಯಾ?"

"ಅಂದೆ ತಾಯಿ. ಇದ್ದದ್ದು ಇದ್ದ ಹಾಗೆ."

"ಅದಕ್ಕೇ ಕೆಲಸ ಹೋಗಿದ್ದು. ಅವರಿಗೆ ಅದು ತಪ್ಪು ಅಂತ ಯಾರೂ ಹೇಳಕೂಡದು. ಇನ್ನು ಮೇಲೆ ಸರಿ ಅನ್ನು. ನಾನೂ ಸರಿ ಅಂತೀನಿ. ಮೂಟೆ ಕಟ್ಟಬೇಡ, ಮೂರು ದಿನ ತಡಿ."

ಅರಸ ಮಧ್ಯಾಹ್ನದ ಊಟ ಮುಗಿಸಿ ಕಲ್ಲಿನ ಕೋಣೆಯಲ್ಲಿ ಮಲಗುತ್ತಿದ್ದ. ಅವನ ಗೊರಕೆ ಅಡುಗೆಮನೆಯವರೆಗೂ ಕೇಳುತ್ತಿತ್ತು. ಅಂದು ರಾಣಿ ಮೆಲ್ಲಗೆ ಹೋಗಿ ಅವನ ಮಣಿಕಟ್ಟು ತಿರುಗಿಸಿ ನೋಡಿದಳು. ಕೆಂಪು ಗೆರೆ ಕೋಣೆಯ ಗೋಡೆ ತೂರಿ ಕೆರೆಗೆ ಇಳಿದಿತ್ತು. ಮರುದಿನ ನೋಡಿದಳು. ಗೆರೆ ಗುಡಿಯ ಗೋಪುರ ಹತ್ತಿ ಇಳಿದಿತ್ತು. ಮೂರನೆಯ ದಿನ ನೋಡಿದಳು, ಮುಖಕ್ಕೆ ಸೆರಗು ಒತ್ತಿಕೊಂಡು ಹೊರಗೆ ಬಂದಳು. ದಾಸಿಯರು ಅಳುತ್ತಿದ್ದಾಳೆ ಎಂದುಕೊಂಡರು. ನಗುತ್ತಿದ್ದಳು.

ಮರುದಿನ ಬೆಳಿಗ್ಗೆ ತುಂಬಿದ ಸಭೆ. ಕೋಲು ಮಣೆಯ ಮೇಲಿತ್ತು. ಚಲುವಯ್ಯ ಹೊಸ ಪೇಟ ಸುತ್ತಿದ್ದ. ಅವನು ಕೈ ಚಾಚುವ ಹೊತ್ತಿಗೆ ರಾಣಿ ಬಂದಳು.

"ಒಂದು ಮಾತು. ಶಿಖಾಮಣಿಯವರೇ, ಈ ಗಡಿಯಾರ ಯಾವತ್ತಾದರೂ ತಪ್ಪು ಹೇಳುತ್ತದೆಯೇ?"

"ಎಲ್ಲಾದರೂ ಉಂಟೇ ಅಮ್ಮಣ್ಣಿಯವರೇ!"

"ಕೂದಲೆಳೆಯಷ್ಟೂ?"

"ಕೂದಲೆಳೆಯಷ್ಟೂ ಇಲ್ಲ."

"ಬೋರಮ್ಮ, ನೀನೇನಂತೀಯೆ?"

"ಸರಿಯಾಗೇ ಹೇಳ್ತದೆ ತಾಯಿ. ನನ್ನ ಕಾಲೇ ಸುಳ್ಳು."

ಸಭೆ ನಕ್ಕಿತು. ಅರಸನಿಗೂ ಸಮಾಧಾನವಾಯಿತು.

"ಹಾಗಾದರೆ ನನ್ನದೊಂದು ದೂರಿದೆ," ಎಂದಳು ರಾಣಿ. "ಊಟ ಆದ ಮೇಲೆ ಮಲಗ್ತೀನಿ ಅಂತ ಒಳಗೆ ಹೋಗುವ ಅರಸರು ಮೂರು ದಿನದಿಂದ ಎಲ್ಲಿಗೆ ಓಡುತ್ತಿದ್ದಾರೆ?"

"ನಾನಾ? ಮಲಗಿದ್ದೆ!" ಎಂದ ಅರಸ.

"ಕೈ ಕೊಡಿ ಇಲ್ಲಿ." ರಾಣಿ ಅರಸನ ಕೈಯನ್ನು ಸಭೆಯ ಮುಂದೆ ಹಿಡಿದಳು. "ಮೊದಲ ದಿನ ಕೆರೆ. ಈಜಿರಬೇಕು. ಎರಡನೆಯ ದಿನ ಗೋಪುರ. ದೇವರೇ ಕಾಪಾಡಿದ. ನಿನ್ನೆ ಒಂದು ಮನೆ. ಒಳಗೆ, ಹೊರಗೆ, ಮತ್ತೆ ಒಳಗೆ. ಸೇನಾಪತಿಗಳೇ, ಊರು ಬಲ್ಲವರು ನೀವು. ಇದು ಯಾರ ಮನೆ?"

ಸೇನಾಪತಿ ಬಗ್ಗಿ ನೋಡಿದ, ಕೆಮ್ಮಿದ.

"ಅರಮನೆಯ ಗೋಡೆಗೆ ಅಂಟಿಕೊಂಡಿದೆ... ಶಿಖಾಮಣಿಯವರ ಮನೆಯ ಹಾಗೆ ಕಾಣುತ್ತದೆ."

"ಹಿತ್ತಿಲೋ?"

"ಹಿತ್ತಿಲಿಂದ ಶುರುವಾಗಿ..." ಸೇನಾಪತಿ ಮತ್ತೆ ಕೆಮ್ಮಿದ. "ನಡುಮನೆವರೆಗೂ ಹೋಗಿದೆ."

ಹಿಂದೆ ಯಾರೋ ನಕ್ಕು, ಸೀನಿದಂತೆ ನಟಿಸಿದರು.

"ಆ ಹೊತ್ತಿಗೆ ನೀವು ಎಲ್ಲಿದ್ದಿರಿ ಶಿಖಾಮಣಿಯವರೇ?"

"ಕ... ಕಚೇರಿಯಲ್ಲಿ."

"ಮನೆಯಲ್ಲಿ ಯಾರಿದ್ದರು?"

ಶಿಖಾಮಣಿ ಹೆಗಲ ಶಲ್ಯ ಸರಿಮಾಡಿಕೊಂಡ. ಮನೆಯಲ್ಲಿ ಇದ್ದವಳು ಅವನ ಹೆಂಡತಿ ಎಂಬುದು ಸಭೆಗೆಲ್ಲ ಗೊತ್ತಿತ್ತು.

ಅರಸ ಎದ್ದು ನಿಂತ. "ಅಯ್ಯೋ, ನಿದ್ದೆಯಲ್ಲಿ ನಾನು ನೀರು ಕುಡಿಯೋಕೂ ಏಳೋದಿಲ್ಲ! ನಿನಗೇ ಗೊತ್ತಲ್ಲ!"

"ನನಗೆ ಗೊತ್ತಿದ್ದರೇನು ಬಂತು? ನಾನು ನೆಲದ ಮೇಲೆ ಇರುವವಳು. ಇದಕ್ಕೆ ಹೇಳುವವರು ಆಕಾಶದಲ್ಲಿದ್ದಾರೆ."

"ಸುಳ್ಳು! ಈ ಹಾಳು ಗಡಿಯಾರ ಸುಳ್ಳು!" ಎಂದು ಅರಸ ಕೂಗಿದ. ತನ್ನ ಬಾಯಿಂದ ಏನು ಬಂತೆಂದು ಗೊತ್ತಾಗುವ ಮೊದಲೇ ಶಿಖಾಮಣಿಯತ್ತ ತಿರುಗಿದ. "ನೀನೇ ಹೇಳಯ್ಯಾ! ಇದು ಸರಿಯೋ ತಪ್ಪೋ?"

ಶಿಖಾಮಣಿ ನಿಂತಲ್ಲೇ ಬೆವರಿದ. ಸರಿ ಎಂದರೆ ಹೆಂಡತಿಯ ಮಾನ ಹೋಗುತ್ತದೆ, ಅರಸನ ಸಿಟ್ಟಿಗೆ ತನ್ನ ತಲೆಯೂ ಹೋಗಬಹುದು. ತಪ್ಪು ಎಂದರೆ ಚಲುವಯ್ಯನ ಕೋಲು ಹೋಗುತ್ತದೆ. ಲೆಕ್ಕದಲ್ಲಿ ಅವನು ಜಾಣ.

"ತಪ್ಪು," ಎಂದ.

"ಕೇಳಿಸಲಿಲ್ಲ," ಎಂದಳು ರಾಣಿ.

"ತಪ್ಪು ಅಮ್ಮಣ್ಣಿಯವರೇ. ಕಲ್ಲಿನ ಚಾವಣಿ ಕೆಳಗೆ ಮಲಗಿದವರನ್ನೂ ಓಡಿಸುತ್ತದೆ. ಬೆಟ್ಟದ ದಾರಿಯಲ್ಲಿ ತಿರುವುಗಳನ್ನು ನುಂಗುತ್ತದೆ. ವರ್ತಕ ಅಂದೇ ಹೇಳಿದ್ದ."

"ಅಂದೇ ಹೇಳಿದ್ದನೇ?" ಎಂದ ಅರಸ.

ಶಿಖಾಮಣಿ ತಲೆ ತಗ್ಗಿಸಿದ. ಚಲುವಯ್ಯನಿಗೆ ಸುಮ್ಮನಿರಲು ಅಲ್ಲಿಯವರೆಗೆ ಮಾತ್ರ ಸಾಧ್ಯವಾಯಿತು.

"ಭಾವ, ಮಂಟಪದಲ್ಲಿ ಕೂತುಬಿಡು ಅಂದವರು ನೀವೇ. ಈಗ ನನ್ನ ಮೇಲೆ ಹಾಕಬೇಡಿ ಮತ್ತೆ," ಎಂದ.

ಅರಸ ಕೋಲನ್ನು ಎತ್ತಿ ತಾನೇ ಬೋರಮ್ಮನ ಕೈಗೆ ಕೊಟ್ಟ. ಅವಳು ಅದನ್ನು ಒಮ್ಮೆ ಕುಲುಕಿ ಗೆಜ್ಜೆ ಸರಿಯಾಗಿದೆಯೇ ಎಂದು ನೋಡಿಕೊಂಡಳು. "ಬರ್ತೀನಿ ಬುದ್ಧಿ, ಬಿಸಿಲೇರ್ತದೆ," ಎಂದು ಹೊರಟಳು.

ಶಿಖಾಮಣಿಗೆ ಶಿಕ್ಷೆ ಹೇಳಿದವಳು ರಾಣಿ. ಅವಳು ತಾಯಿಗೆ ಹೊಸದಾಗಿ ಬರೆದ ಓಲೆಯನ್ನು ಅವನೇ ಮೇಲ್ದುರ್ಗಕ್ಕೆ ಒಯ್ಯಬೇಕು. ಕೈಯಲ್ಲಿ ಅದೇ ಗಡಿಯಾರ. ನಾಲ್ಕು ಹರದಾರಿ ತೋರಿಸುವವರೆಗೆ ನಿಲ್ಲುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ದುರ್ಗ ಮುಟ್ಟಿದ. ಗಡಿಯಾರದಲ್ಲಿ ಮೂರೂವರೆಯೂ ಆಗಿರಲಿಲ್ಲ. ಉಳಿದದ್ದನ್ನು ದುರ್ಗದ ಧ್ವಜಗಂಬದ ಸುತ್ತ ಓಡಿದ. ಸಣ್ಣ ಸುತ್ತು, ಗಡಿಯಾರಕ್ಕೆ ಅದು ನಿಂತ ಹಾಗೇ ಕಂಡಿತು. ಪಹರೆಯವರು ಊಟ ಮುಗಿಸಿ ಬಂದು ನೋಡಿದರೂ ಓಡುತ್ತಿದ್ದ.

ಚಲುವಯ್ಯನಿಗೆ ಶಿಕ್ಷೆ ಇರಲಿಲ್ಲ. ಅಕ್ಕ ಚಕ್ಕುಲಿ ನಿಲ್ಲಿಸಿದಳು, ಅಷ್ಟೇ.

ವೈದ್ಯನಿಗೆ ಈಗ ಧೈರ್ಯ ಬಂತು. ಅರಮನೆಯ ಓಣಿಗೆ ಹಗ್ಗ ಹಿಡಿಸಿ ಅಳೆಸಿದ. ಒಂದು ಹರದಾರಿಗೆ ಆರು ಸುತ್ತು ಬೇಕೆಂದು ಗೊತ್ತಾಯಿತು. ಅರಸ ಮೂರು ದಿನ ಓಣಿಯ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ದಿನ ಎರಡು ಸುತ್ತು ಓಡಿದ. ಗಡಿಯಾರ ಮಾತ್ರ ಅವನ ಕೈಯಲ್ಲೇ ಉಳಿಯಿತು. ಹೆಚ್ಚು ತೋರಿಸಿದ ದಿನ "ಇವತ್ತು ಸರಿಯಾಗಿ ಹೇಳುತ್ತಿದೆ" ಎನ್ನುತ್ತಿದ್ದ. ಕಡಿಮೆ ತೋರಿಸಿದ ದಿನ ಮೋಡವನ್ನು ಬಯ್ಯುತ್ತಿದ್ದ. ಎಷ್ಟೆಂದರೂ ಅರಸ.

ಬೋರಮ್ಮನ ಮಕ್ಕಳು ಹೆಬ್ಬಾಗಿಲ ಪಕ್ಕದ ಮನೆಯಲ್ಲೇ ದೊಡ್ಡವರಾದರು.

ನೀತಿ ಇಷ್ಟು: ಒಬ್ಬರ ಬದುಕನ್ನು ಕಸಿಯುವ ಅಳತೆಯನ್ನು ಮೊದಲು ಕಸಿಯುವವನ ಕೈಗೇ ಕಟ್ಟಿ ನೋಡಬೇಕು. ನಮ್ಮನ್ನು ಹೊಗಳುವ ಅಳತೆಯನ್ನಂತೂ, ಹಗ್ಗ ಹಿಡಿದು ನೆಲ ಅಳೆಯುವ ತನಕ ನಂಬಬಾರದು.