ಗುಡ್ಡೆ ಹಾಕಿದ ಕಲ್ಲುಗಳು

"ಗುರುಗಳೇ, ಹೊಳೆಯಾಚೆಯ ಊರಿನ ಬಂಜರಿನಲ್ಲಿ ಒಂದು ತೋಪು ಬೆಳೆಸಬೇಕೆಂದಿದ್ದೇನೆ. ಊರವರನ್ನೂ ಕೇಳಿದೆ. ಒಬ್ಬರೂ ಬೇಡ ಎನ್ನಲಿಲ್ಲ. ಮತ್ತೆ ನೀವೇಕೆ ತಡೆಯುತ್ತೀರಿ?" ಎಂದು ಶಿಷ್ಯ ಕೇಳಿದ.

"ಕೂತುಕೋ ಮಗು" ಎಂದು ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಒಳ್ಳೆಯವನೇ. ಬಿಸಿಲಿಗೆ ಬೆಂದ ಒಂದು ಊರನ್ನು ಕಂಡು ಮರುಗಿದ. ಊರ ಪಕ್ಕದ ದಿಣ್ಣೆಯ ತುಂಬ ಮರ ನೆಡಿಸುವ ಮನಸ್ಸಾಯಿತು. ಹೇಳದೆ ಕೇಳದೆ ಮಾಡುವವನಲ್ಲ ಅವನು. ಅರಳಿಕಟ್ಟೆಯ ಮೇಲೆ ಕುಳಿತು ಊರನ್ನು ಕರೆಸಿದ.

"ಆ ದಿಣ್ಣೆಯಲ್ಲಿ ನಿಮ್ಮದೇನಾದರೂ ಇದೆಯೇ?"

"ಏನಿದೆ ಸಾಹುಕಾರರೇ? ಬರೀ ಕಲ್ಲು. ಕತ್ತೆ ಕೂಡ ಅತ್ತ ಮೂಸಿ ನೋಡುವುದಿಲ್ಲ!" ಎಂದ ಒಬ್ಬ ರೈತ. ಕಟ್ಟೆಯೆಲ್ಲ ನಕ್ಕಿತು.

ಆ ಊರಿನಲ್ಲಿ ಹೆಂಗಸರು ಕಟ್ಟೆಯ ಹತ್ತಿರ ಸುಳಿಯುತ್ತಿರಲಿಲ್ಲ. ಇನ್ನೊಂದು ರೂಢಿಯೂ ಇತ್ತು. ಹಲ್ಲು ಮೂಡುವ ಮೊದಲೇ ಹೋದ ಕೂಸನ್ನು ಸೂಲಗಿತ್ತಿಯೇ ಸೆರಗಿನಲ್ಲಿ ಸುತ್ತಿ ಒಯ್ದು ಆ ದಿಣ್ಣೆಯಲ್ಲಿ ಹೂಳುತ್ತಿದ್ದಳು. ತಲೆಯ ಕಡೆಗೆ ಒಂದು ಕಲ್ಲಿಡುತ್ತಿದ್ದಳು. ಯಾವ ಕಲ್ಲು ಎಂಬುದನ್ನು ಹೆತ್ತವಳ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದಳು. ಗಂಡಸರು ಕೇಳುವಂತಿರಲಿಲ್ಲ, ಅವರು ಕೇಳಲೂ ಇಲ್ಲ. ಅಮಾವಾಸ್ಯೆಗೊಮ್ಮೆ ತಾಯಂದಿರು ಬಯಲಿಗೆ ಹೋಗುವ ನೆಪದಲ್ಲಿ ಹೋಗಿ, ತಮ್ಮ ತಮ್ಮ ಕಲ್ಲಿಗೆ ಒಂದು ಗುಟುಕು ಹಾಲು ಬಿಟ್ಟು ಬರುತ್ತಿದ್ದರು.

ಹೆಂಗಸರೆಲ್ಲ ಕಳೆ ಕೀಳಲು ಹೋಗಿದ್ದ ಹೊತ್ತಿನಲ್ಲಿ ವರ್ತಕನ ಆಳುಗಳು ಬಂದರು. ಗುಂಡಿ ತೋಡುವುದಕ್ಕೆ ಅಡ್ಡವೆಂದು ಕಲ್ಲುಗಳನ್ನೆಲ್ಲ ಹೆಕ್ಕಿ ಒಂದೆಡೆ ಗುಡ್ಡೆ ಹಾಕಿದರು.

ಅಂದು ಅಮಾವಾಸ್ಯೆ. ಸಂಜೆ ವರ್ತಕ ಗುಂಡಿಗಳನ್ನು ನೋಡುತ್ತಾ ನಿಂತಿದ್ದ. ಒಬ್ಬಳು ಸೆರಗಿನಡಿ ಹಾಲಿನ ಕುಡಿಕೆ ಮುಚ್ಚಿಕೊಂಡು ಬಂದಳು. ಗುಡ್ಡೆಯ ಮುಂದೆ ಕುಸಿದಳು. ಒಂದು ಕಲ್ಲನ್ನೆತ್ತಿ ಮಣ್ಣೊರೆಸಿ ನೋಡಿದಳು, ಇಟ್ಟಳು. ಇನ್ನೊಂದನ್ನೆತ್ತಿದಳು. ಎಲ್ಲವೂ ಕಲ್ಲೇ.

"ಇದರಲ್ಲಿ ನನ್ನ ಕೂಸಿನದು ಯಾವುದು, ಧಣಿ?"

ವರ್ತಕ ಗುಡ್ಡೆಯತ್ತ ತಿರುಗಿದ. "ತಾಯೀ, ನಾನು ಊರನ್ನೆಲ್ಲ ಕೇಳಿದ್ದೆನಲ್ಲ!"

"ಕೇಳಿದ್ದಿರಂತೆ. ನಾನಾಗ ಒಲೆಯ ಮುಂದಿದ್ದೆ."

ಹಾಲು ಎಲ್ಲಿ ಬಿಡುವುದೆಂದು ತಿಳಿಯದೆ, ಕುಡಿಕೆಯನ್ನು ಹಾಗೆಯೇ ಹಿಡಿದುಕೊಂಡು ಅವಳು ಮನೆಗೆ ಹೋದಳು.

ಮರಗಳೇನೋ ಬೆಳೆದವು. ಆ ನೆರಳಿನಲ್ಲಿ ಊರಿನ ಒಬ್ಬ ತಾಯಿಯೂ ಕೂರಲಿಲ್ಲ.

ಕತೆ ಕೇಳಿದ ಶಿಷ್ಯ, "ಆದರೆ ಗುರುಗಳೇ, ಆ ಬಂಜರಿನಲ್ಲಿ ಅಂಥದ್ದೇನೂ ಇಲ್ಲ. ಇದ್ದಿದ್ದರೆ ಯಾರಾದರೂ ಹೇಳುತ್ತಿದ್ದರು" ಎಂದ.

ಗುರುಗಳು ಕೇಳಿದರು: "ಅವರನ್ನು ಕೇಳುವಾಗ ನೀನು ಎಲ್ಲಿ ಕುಳಿತಿದ್ದೆ, ಮಗು?"